ಸ್ವಿನ್‌ಫೋಲ್ಡ್ ಮ್ಯಾನರ್ ರಾಯರು

ರಾಯರು ತೀರಿಕೊಂಡ ಮೇಲೆ ಅವರ ಬಗ್ಗೆ ನಾಲ್ಕು ಮಾತು ಬರೀಬೇಕು ಅನ್ನಿಸ್ತು. ಬರೀಲಾ ಅಂತ ಅವರ ಹೆಂಡತಿಗೆ ಫೋನ್ ಮಾಡಿ ಕೇಳಿದೆ. ಅವರನ್ನ ನಾನು ಅಕ್ಕ ಅಂತ ಕರೀತೀನಿ. ಅಕ್ಕ, "ಬರಿ ತಮ್ಮಯ್ಯ, ಬೇಡ ಅನ್ನಲ್ಲ. ಆದ್ರೆ ಹೆಸರು ಮಾತ್ರ ಹಾಕ್ಬೇಡ. ಹೆಸರಿನ ಸಹವಾಸ ಈ ಮನೇಲಿ ಸಾಕಷ್ಟು ಆಗಿದೆ" ಅಂದ್ರು. ಅದಕ್ಕೆ ರಾಯರು ಅಂತಷ್ಟೇ ಬರೀತೀನಿ. ಆಗ ಜರ್ಸಿ ಸಿಟಿಯಲ್ಲಿದ್ದ ನಮ್ಮೋರೆಲ್ಲ ಅವರನ್ನ ಕರೀತಿದ್ದಿದ್ದೂ ಹಾಗೇನೇ.

ಅವರನ್ನ ಮೊದಲು ನೋಡಿದ್ದು ಟ್ರೈನ್ ಸ್ಟೇಷನ್ನಿನಲ್ಲಿ. ನಾನು ಅಮೆರಿಕಕ್ಕೆ ಬಂದು ಇನ್ನೂ ವಾರ ಆಗಿರಲಿಲ್ಲ. ಒಳಗೆ ಹೋಗೋ ಕಡೆ ಕಬ್ಬಿಣದ ತಿರುಗೋ ಗೇಟು ಇರತ್ತಲ್ಲ, ಅದು ನನ್ನ ಕಾಸು ನುಂಗಿಬಿಟ್ಟು ತಿರುಗಲ್ಲ ಅಂತ ನಿಂತಿತ್ತು. ಹಿಂದೆ ಜನ ನೂಕ್ತಿದ್ರು. ಗಾಬರಿಯಲ್ಲಿ ನಮ್ಮ ತಿಪಟೂರು ಸಂತೇಲಿ ಬೈಯೋ ಹಾಗೆ ಅದಕ್ಕೆ ಚೆನ್ನಾಗಿ ಬೈದೆ. ಹಿಂದಿನಿಂದ ಒಂದು ಗಂಭೀರವಾದ ದನಿ ಬಂತು. "ನೀವು ಹೇಳ್ತಿರೋದು ಅದಕ್ಕೆ ಅರ್ಥ ಆಗಲ್ಲ. ಇಂಗ್ಲಿಷಲ್ಲಿ ಹೇಳಿ."

ತಿರುಗಿ ನೋಡಿದ್ರೆ ಜುಲೈ ತಿಂಗಳ ಸೆಕೇಲಿ ಉಣ್ಣೆ ಕೋಟು, ಟೈ, ಕೈಯಲ್ಲಿ ಉದ್ದನೆ ಕೊಡೆ. ನಮ್ಮ ಕಡೆಯವರೇ. ಬೆವರು ಧಾರಾಕಾರ ಹರೀತಿದೆ, ಆದ್ರೆ ಕೋಟಿನ ಒಂದು ಗುಂಡಿಯೂ ಬಿಚ್ಚಿಲ್ಲ.

"ಯಾವ ಊರು?"

"ತಿಪಟೂರು, ಸಾರ್."

"ಗೊತ್ತಾಯ್ತು, ಕೇಳಿಸ್ಕೊಂಡ್ನಲ್ಲ" ಅಂದ್ರು.

ಅವತ್ತಿಂದ ಕೊನೇವರೆಗೂ ಅವರು ನನ್ನ ಹೆಸರು ಹಿಡಿದು ಕರೀಲಿಲ್ಲ. ಖುಷಿ ಇದ್ದಾಗ "ಏನಪ್ಪ ತಿಪಟೂರು", ಕೋಪ ಬಂದಾಗ "ಮಿಸ್ಟರ್ ತಿಪಟೂರು".

ರಾಯರು ನ್ಯೂಯಾರ್ಕಿನಲ್ಲಿ ಒಂದು ಇನ್ಶೂರೆನ್ಸ್ ಆಫೀಸಲ್ಲಿ ಕೆಲಸ ಮಾಡ್ತಿದ್ರು. ಇರೋ ದೇಶ ಅಮೆರಿಕ, ಮನಸ್ಸು ಪೂರ್ತಿ ಇಂಗ್ಲೆಂಡು. ಮೈಸೂರಲ್ಲಿ ಹೈಸ್ಕೂಲಿನ ಒಬ್ಬ ಮೇಷ್ಟ್ರು ಅವರಿಗೆ ಇಂಗ್ಲಿಷಿನ ಹುಚ್ಚು ಹಿಡಿಸಿದ್ದಂತೆ. "ಇಂಗ್ಲಿಷರು ನಮ್ಮ ದೇಶ ಬಿಟ್ಟು ಹೋದ್ರಪ್ಪ. ಹೋಗುವಾಗ ಅವರ ಭಾಷೆ ನಮ್ಮ ಹತ್ರ ಬಿಟ್ಟು ಹೋಗಿದಾರೆ. ಜೋಪಾನ ಮಾಡೋದು ನಮ್ಮ ಜವಾಬ್ದಾರಿ" ಅಂತ ಹೇಳೋರು. ಅಮೆರಿಕದವರ ಕೈಯಲ್ಲಿ ಆ ಭಾಷೆ ಹಾಳಾಗ್ತಿದೆ ಅನ್ನೋದು ಅವರಿಗೆ ದಿನಾ ಇದ್ದ ಸಂಕಟ. ಒಂದ್ಸಲ ನನ್ನ ಕಾಫಿಗೆ ಕರ್ಕೊಂಡು ಹೋಗಿದ್ರು. ಆರ್ಡರ್ ತಗೊಳ್ಳೋಕೆ ಬಂದ ಹೆಂಗಸು ಅರ್ಧ ನುಂಗಿ ಅರ್ಧ ಉಗುಳಿ ಏನೋ ಕೇಳಿದ್ಲು. ರಾಯರು ಕೊಡೆ ಪಕ್ಕಕ್ಕಿಟ್ಟು, ಬೆರಳೆತ್ತಿ, ಅದೇ ವಾಕ್ಯವನ್ನ ಪೂರ್ತಿಯಾಗಿ, ಕರೆಕ್ಟಾಗಿ ಅವಳಿಗೆ ಹೇಳಿಕೊಟ್ಟರು. ಅವಳು ಅಷ್ಟೂ ಕೇಳಿಸಿಕೊಂಡು, "ಸರಿ ಡಾರ್ಲಿಂಗ್, ಕಾಫಿ ಬೇಕೋ ಬೇಡ್ವೋ?" ಅಂದ್ಲು. ರಾಯರ ಮುಖ ಕೆಂಪಾಗಿದ್ದು ನಾನು ನೋಡಿದ್ದು ಅದೊಂದೇ ಸಲ.

"ಡಾರ್ಲಿಂಗ್ ಅಂದಿದ್ದು ನಿಮ್ಮಕ್ಕನಿಗೆ ಹೇಳಬೇಡ" ಅಂದ್ರು. ನಾನು ಹೇಳಲಿಲ್ಲ. ಅವರೇ ಹೋಗಿ ಹೇಳಿದ್ರು.

ಹಾಗಂತ ಅವರು ಇಂಗ್ಲೆಂಡ್ ನೋಡಿದೋರಲ್ಲ. "ಲಂಡನ್ನಲ್ಲಿದ್ದಾಗ" ಅಂತ ಮಾತು ಶುರು ಮಾಡೋರು. ಇಲ್ಲಿಗೆ ಬರುವಾಗ ವಿಮಾನ ಅಲ್ಲಿ ಸ್ವಲ್ಪ ಹೊತ್ತು ನಿಂತಿತ್ತು, ಅಷ್ಟೇ. ಅಕ್ಕ ಒಳಗಿಂದಲೇ, "ಲಂಡನ್ನಲ್ಲಿದ್ದಾಗ ಇವರು ಬಾಯಿ ಬಿಟ್ಕೊಂಡು ನಿದ್ದೆ ಹೊಡೀತಿದ್ರು. ಕಿಟಕಿ ಹತ್ರ ಕೂತಿದ್ದು ನಾನು" ಅನ್ನೋರು.

"ಏನು ಕಾಣಿಸ್ತು ಅಕ್ಕ?"

"ಮಂಜು."

"ನೋಡಿದ್ಯಾ? ಅದೇ ಇಂಗ್ಲೆಂಡು!" ಅಂತ ರಾಯರು ಗೆದ್ದವರ ಹಾಗೆ ನನ್ನ ಕಡೆ ತಿರುಗೋರು.

ನಗ್ತಾ ಬರೀತಿದೀನಿ, ಆದ್ರೆ ಆ ಮನುಷ್ಯ ನನಗೆ ಮಾಡಿದ್ದು ಸಣ್ಣದಲ್ಲ. ನಾನು ಎಂಟನೇ ಕ್ಲಾಸಿಗೇ ಸ್ಕೂಲು ಬಿಟ್ಟು ಸೈಕಲ್ ಶಾಪ್ ಸೇರಿದವನು. ಆಮೇಲೆ ಬೆಂಗಳೂರಲ್ಲಿ ಲೇಥ್ ಕೆಲಸ. ಎಸ್ಸೆಲ್ಸಿ ಪಾಸಾದಾಗ ನನಗಾಗಲೇ ಮದುವೆ ಆಗಿತ್ತು. ಲೇಥ್ ಕೈಹಿಡಿದು ಜರ್ಸಿ ಸಿಟಿಯ ಮೆಷೀನ್ ಶಾಪಿಗೆ ಬಂದೆ. ಇಲ್ಲಿ ಸಂಜೆ ಸ್ಕೂಲಿಗೆ ಸೇರಿ ಓದು ಮುಂದುವರಿಸು ಅಂತ ಒತ್ತಾಯ ಮಾಡಿದೋರೇ ರಾಯರು. ಭಾನುವಾರ ಅವರ ಮನೆಗೆ ಹೋಗಿ ಕೂರ್ತಿದ್ದೆ, ಪಾಠ ಹೇಳೋರು. ಮಧ್ಯೆ ಅಕ್ಕ ಉಪ್ಪಿಟ್ಟು ತಂದಿಡೋರು. ವಾಕ್ಯ ಮುಗೀದೆ ಉಪ್ಪಿಟ್ಟಿಗೆ ಕೈ ಹಾಕೋ ಹಾಗಿರಲಿಲ್ಲ. ನಾನು ಆತುರದಲ್ಲಿ ವಾಕ್ಯ ಅರ್ಧಕ್ಕೇ ಬಿಟ್ಟರೆ, "ಮಿಸ್ಟರ್ ತಿಪಟೂರು, ಕ್ರಿಯಾಪದ ಎಲ್ಲಿ? ಮನೆ ಕಟ್ಟಿ ಮಾಡು ಹಾಕಲ್ವಾ?" ಅನ್ನೋರು.

ಅವರಿಗೆ ಎಲ್ಲದಕ್ಕೂ ಮನೆಯದೇ ಹೋಲಿಕೆ. ಯಾಕೆ ಅಂತ ನನಗೆ ತಿಳಿದಿದ್ದು ತಡವಾಗಿ.

ರಾಯರು ಹುಟ್ಟಿ ಬೆಳೆದಿದ್ದು ಮೈಸೂರಿನ ಒಂದು ವಠಾರದಲ್ಲಿ. ಒಂದು ಅಂಗಳ, ಸುತ್ತ ಸಾಲಾಗಿ ಬಾಡಿಗೆ ಮನೆಗಳು, ಎಲ್ಲರಿಗೂ ಒಂದೇ ನಲ್ಲಿ. ಮನೆಗೆ ನಂಬರಿಲ್ಲ, ಹೆಸರಂತೂ ಇಲ್ಲವೇ ಇಲ್ಲ. ವಿಳಾಸ ಬರೀಬೇಕಾದ್ರೆ "ಹಿಟ್ಟಿನ ಗಿರಣಿ ಹಿಂದೆ". ಪೋಸ್ಟ್‌ಮ್ಯಾನು ಅಂಗಳದ ನಡುವೆ ನಿಂತು ಹೆಸರು ಕೂಗೋನಂತೆ. ರಾಯರ ಹೆಸರಿನೋರೇ ಆ ವಠಾರದಲ್ಲಿ ಇನ್ನೂ ಇಬ್ಬರಿದ್ದರು. ಹೀಗಾಗಿ ಇವರಿಗೆ ಬಂದ ಕಾಗದ ಎಲ್ಲರ ಕೈ ದಾಟಿ, ಎಲ್ಲರೂ ಓದಿದ ಮೇಲೆ ಇವರ ಕೈಗೆ ಸಿಗೋದು. ಅಕ್ಕನ ಮನೆಯಿಂದ ಸಂಬಂಧದ ಕಾಗದ ಬಂದಾಗ್ಲೂ ಅದೇ ಕಥೆ. ರಾಯರು ಆಫೀಸಿಂದ ಬರ್ತಿದ್ದ ಹಾಗೇ ನಲ್ಲಿ ಹತ್ರ ಪಾತ್ರೆ ತೊಳೀತಿದ್ದ ಹೆಂಗಸೊಬ್ಬರು, "ಒಪ್ಕೊಳಯ್ಯ, ಹುಡುಗಿ ಲಕ್ಷಣವಾಗಿದಾಳಂತೆ. ಸ್ವಲ್ಪ ಬಾಯಿ ಜೋರಂತೆ, ಪರವಾಗಿಲ್ಲ" ಅಂದ್ರಂತೆ.

"ಬಾಯಿ ಜೋರು ಅಂತ ನಮ್ಮಪ್ಪ ಬರೆದೇ ಇರಲಿಲ್ಲ, ಅದು ಆಯಮ್ಮ ಸೇರಿಸಿದ್ದು" ಅಂತ ಅಕ್ಕ ಈಗಲೂ ಜೋರಾಗೇ ಹೇಳ್ತಾರೆ.

ಆ ವಠಾರದ ಮನೇಲಿ ಒಂದು ಬಿಸ್ಕತ್ ಡಬ್ಬ ಇತ್ತಂತೆ. ಅರಮನೆ ಕೆಲಸದಲ್ಲಿದ್ದ ಯಾರೋ ನೆಂಟರು ಕೊಟ್ಟಿದ್ದು. ಬಿಸ್ಕತ್ತು ಯಾವತ್ತೋ ಖಾಲಿಯಾಗಿ ಅದರಲ್ಲಿ ಅವರಮ್ಮ ಸಂಡಿಗೆ ಇಡ್ತಿದ್ರು. ಮುಚ್ಚಳದ ಮೇಲೆ ಇಂಗ್ಲೆಂಡಿನ ಹಳ್ಳಿಗಾಡಿನ ಒಂದು ದೊಡ್ಡ ಬಂಗಲೆಯ ಬಣ್ಣದ ಚಿತ್ರ. ಎಣಿಸೋಕಾಗದಷ್ಟು ಕಿಟಕಿ, ಮುಂದೆ ಹುಲ್ಲು, ಜಿಂಕೆ, ಕೊಳ, ಕೊಳದಲ್ಲಿ ಬಿಳೀ ಹಂಸಗಳು. ಕೆಳಗೆ ಚಿನ್ನದ ಬಣ್ಣದ ಅಕ್ಷರದಲ್ಲಿ ಸ್ವಿನ್‌ಫೋಲ್ಡ್ ಮ್ಯಾನರ್. ಹುಡುಗ ರಾಯರು ಮೊದಲು ಓದಿದ ಇಂಗ್ಲಿಷ್ ಮಾತು ಅದು. ಆ ಮನೆಗೆ ಕಾಗದ ಬರೆದ್ರೆ ಬರೀ ಮನೆ ಹೆಸರು ಹಾಕಿದ್ರೆ ಸಾಕು, ಪೋಸ್ಟ್‌ಮ್ಯಾನು ನೇರ ಹೋಗಿ ಕೊಡ್ತಾನೆ ಅಂತ ಅವರ ಮೇಷ್ಟ್ರು ಹೇಳಿದ್ರಂತೆ. ಅವತ್ತೇ ಹುಡುಗ ತೀರ್ಮಾನ ಮಾಡಿದ್ದು. ದೊಡ್ಡೋನಾಗಿ ಸ್ವಂತ ಮನೆ ಮಾಡ್ತೀನಿ, ಅದಕ್ಕೆ ಇದೇ ಹೆಸರು ಇಡ್ತೀನಿ.

ಎಪ್ಪತ್ತರ ಸುಮಾರಿಗೆ ಅವರು ಬ್ರಿಡ್ಜ್‌ವಾಟರ್ ಅನ್ನೋ ಊರಿನ ಆಚೆ ಒಂದು ಮನೆ ತಗೊಂಡ್ರು. ಆಗ ಆ ಕಡೆಯೆಲ್ಲ ಜೋಳದ ಹೊಲ. ಮನೆ ಅಂದ್ರೆ ಎರಡು ಬೆಡ್‌ರೂಮು, ಒಂದು ಗರಾಜು, ಮುಂದೆ ಮೂರು ಮೆಟ್ಟಿಲು, ಒಂದು ಮೇಪಲ್ ಮರ. ಕೊಳ ಇರಲಿಲ್ಲ. ಮಳೆ ಬಂದಾಗ ಡ್ರೈವ್‌ವೇ ಕೊನೇಲಿ ನೀರು ನಿಲ್ತಿತ್ತು.

ನಮ್ಮ ಕಡೆ ಮನೆ ಕಟ್ಟಿದೋರು ಹೆಸರಿಡದೆ ಇರಲ್ಲ. ಗೋಡೆಗೆ ಸುಣ್ಣ ಬಳಿಯೋಕೆ ಮುಂಚೆ ಹೆಸರಿನ ಕಲ್ಲು ಬಂದಿರತ್ತೆ. ಅಮೆರಿಕದಲ್ಲಿ ಮನೆಗೆ ನಂಬರು ಅಷ್ಟೇ. ಆದ್ರೂ ಹೆಸರು ಇಡೋದರಲ್ಲಿ ಗಂಡ ಹೆಂಡತಿ ಇಬ್ಬರಿಗೂ ಅನುಮಾನ ಇರಲಿಲ್ಲ. ಜಗಳ ಇದ್ದಿದ್ದು ಯಾವ ಹೆಸರು ಅನ್ನೋದಕ್ಕೆ.

"ನಂಜನಗೂಡಲ್ಲಿ ನಮ್ಮಪ್ಪನ ಮನೆ ಹೆಸರು ಶ್ರೀಕಂಠ ನಿಲಯ. ಅರ್ಥ ಏನು ಅಂತ ಸೊಪ್ಪು ಮಾರೋಳನ್ನ ಕೇಳಿದ್ರೂ ಹೇಳ್ತಾಳೆ. ನಿಮ್ಮ ಸ್ವಿನ್ನುಫೋಲ್ಡಿಗೆ ಏನ್ರೀ ಅರ್ಥ?"

"ಅದು ಮನೆತನದ ಹೆಸರು ಕಣೇ, ದೊಡ್ಡ ದೊಡ್ಡೋರದು."

"ದೊಡ್ಡೋರದೇ ಇರ್ಲಿ. ಅರ್ಥ ಗೊತ್ತಿಲ್ಲದ ಹೆಸರು ಮನೆ ಮೇಲೆ ಹಾಕಿ ಒಳಗೆ ಹೆಂಗೆ ಬಾಳೋದು? ಅರ್ಥ ಹೇಳಿ, ಗೃಹಪ್ರವೇಶ ಮಾಡೋಣ. ಹೇಳೋಕಾಗಲ್ವಾ, ನಾನು ಈ ಅಪಾರ್ಟ್‌ಮೆಂಟ್ ಬಿಟ್ಟು ಬರಲ್ಲ."

ಅಕ್ಕ ಹೇಳಿದ್ರೆ ಮಾಡೋರೇ. ರಾಯರು ವಾರ ಪೂರ್ತಿ ಸಪ್ಪಗಿದ್ದರು. ಒಂದು ಭಾನುವಾರ ಪಾಠದ ನಡುವೆ ಎದ್ದು ನಿಂತು ಬೆರಳೆತ್ತಿ, "ಹಂಸ!" ಅಂದ್ರು. ಡಬ್ಬದ ಚಿತ್ರದಲ್ಲಿ ಕೊಳ ತುಂಬ ಹಂಸ ಇದ್ದಾವೆ, ಇಂಗ್ಲಿಷಲ್ಲಿ ಹಂಸಕ್ಕೆ ಸ್ವಾನ್ ಅಂತಾರೆ, ಹತ್ತಿರ ಹತ್ತಿರ ಹಾಗೇ ಇದೆ, ಅಂದ್ಮೇಲೆ ಆ ಮನೆ ಹೆಸರು ಹಂಸಧಾಮ ಅಲ್ಲದೆ ಇನ್ನೇನು?

"ಯಾರು ಹೇಳಿದ್ದು?" ಅಂದ್ರು ಅಕ್ಕ.

"ಇದಕ್ಕೆ ಯಾರಾದ್ರೂ ಹೇಳಬೇಕಾ? ಅಲ್ವೇನಪ್ಪ ತಿಪಟೂರು?"

ನನ್ನ ಬಾಯಲ್ಲಿ ಉಪ್ಪಿಟ್ಟಿತ್ತು. ತಲೆ ಆಡಿಸಿದೆ.

ಅಕ್ಕನಿಗೆ ಹಂಸಧಾಮ ಎಷ್ಟು ಇಷ್ಟ ಆಯ್ತು ಅಂದ್ರೆ ಅವತ್ತೇ ಕೂತು ನಂಜನಗೂಡು, ಮೈಸೂರು, ಧಾರವಾಡದಲ್ಲಿದ್ದ ತಂಗಿ, ಎಲ್ಲರಿಗೂ ಕಾಗದ ಬರೆದ್ರು. ಗೃಹಪ್ರವೇಶಕ್ಕೆ ಅಂಚಲ್ಲಿ ಹಂಸ ಇರೋ ರೇಷ್ಮೆ ಸೀರೆ ಊರಿಂದ ತರಿಸಿಕೊಂಡ್ರು.

ಹಿತ್ತಾಳೆ ತಗಡಲ್ಲಿ ಸ್ವಿನ್‌ಫೋಲ್ಡ್ ಮ್ಯಾನರ್ ಅಂತ ಇಂಗ್ಲಿಷ್ ಅಕ್ಷರ ಕತ್ತರಿಸಿ ಬೋರ್ಡ್ ಮಾಡಿಕೊಟ್ಟಿದ್ದು ನಾನು. ಗೃಹಪ್ರವೇಶಕ್ಕೆ ಇನ್ನೂ ಎರಡು ವಾರ ಇತ್ತು, ರಾಯರಿಗೆ ತಡೆಯಲಿಲ್ಲ. "ಹೆಂಗೆ ಕಾಣತ್ತೆ ಸುಮ್ನೆ ನೋಡೋಣ" ಅಂತ ಬಾಗಿಲ ಮೇಲೆ ಹಾಕಿಸಿಬಿಟ್ರು. ನ್ಯೂಜೆರ್ಸಿಯಲ್ಲಿ ಮ್ಯಾನರ್ ಅಂತ ಬೋರ್ಡ್ ಇದ್ದರೆ ಅದು ಒಂದೋ ಮದುವೆ ಛತ್ರ, ಇಲ್ಲಾ ವಯಸ್ಸಾದೋರನ್ನ ನೋಡ್ಕೊಳ್ಳೋ ನರ್ಸಿಂಗ್ ಹೋಮು. ಇದು ನಮಗೆ ಯಾರಿಗೂ ಗೊತ್ತಿರಲಿಲ್ಲ.

ಆ ಶನಿವಾರ ರಾಯರೂ ನಾನೂ ಮನೆ ಗುಡಿಸ್ತಿದ್ವಿ. ಒಂದು ದೊಡ್ಡ ಕಾರು ಬಂದು ನಿಂತು, ದಪ್ಪಗಿನ ಮನುಷ್ಯರೊಬ್ಬರು ಇಳಿದು ಬಂದ್ರು. ಮಗಳ ಮದುವೆ ಗೊತ್ತಾಗಿದೆಯಂತೆ. ಬೋರ್ಡ್ ನೋಡಿ ಬಂದೆ ಅಂದ್ರು. ಅಪರಿಚಿತರೊಬ್ಬರು ಮನೆ ಬಾಗಿಲಿಗೆ ಬಂದು ಮದುವೆ ಸಮಾಚಾರ ಹೇಳ್ತಾರಲ್ಲ ಅಂತ ರಾಯರಿಗೆ ಬಹಳ ಸಂತೋಷ. ಕೂರಿಸಿದ್ರು.

"ಇಲ್ಲಿ ಎಷ್ಟು ಜನಕ್ಕೆ ಊಟಕ್ಕೆ ಕೂರೋಕಾಗತ್ತೆ?"

"ಚಾಪೆ ಹಾಸಿದ್ರೆ ಹದಿನೈದು ಜನ ಆರಾಮಾಗಿ ಕೂರಬಹುದು" ಅಂದ್ರು ರಾಯರು.

"ನಮ್ಮ ಕಡೆಯವರೇ ಇನ್ನೂರು ಜನ ಇದ್ದೀವಿ."

"ಅದಕ್ಕೇನಂತೆ, ಎರಡನೇ ಪಂಕ್ತಿ, ಮೂರನೇ ಪಂಕ್ತಿ ಹಾಕಿದ್ರಾಯ್ತು. ಉಳಿದೋರು ಮರದ ಕೆಳಗೆ ಕಾಯ್ತಾರೆ."

ಆ ಮನುಷ್ಯರು ಮರದ ಕಡೆ ನೋಡಿದ್ರು. "ಕುಡಿಯೋಕೆ ಏನಿರತ್ತೆ?"

"ಮಜ್ಜಿಗೆ" ಅಂದ್ರು ರಾಯರು.

ಅವರು ಕಾರು ಹಿಂದಕ್ಕೆ ತಗೊಂಡು ಹೋಗೋವರೆಗೂ ರಾಯರು ಮೆಟ್ಟಿಲ ಮೇಲೆ ನಿಂತು ಕೈ ಬೀಸಿದ್ರು. "ಎಷ್ಟು ಸಭ್ಯಸ್ಥರು ನೋಡು. ಇದು ಆ ಹೆಸರಿನ ಮಹಿಮೆ ಕಣಪ್ಪ" ಅಂದ್ರು ನನಗೆ.

ಮಧ್ಯಾಹ್ನ ಒಬ್ಬ ತನ್ನ ವಯಸ್ಸಾದ ತಾಯಿನ ಕರ್ಕೊಂಡು ಬಂದ. ರಾಯರಿಗೆ ಮನೆ ತೋರಿಸೋದು ಅಂದ್ರೆ ಹಬ್ಬ. ಅಡುಗೆಮನೆ, ಗರಾಜು, ನೀರು ಕಾಯಿಸೋ ಹಂಡೆ ಸಮೇತ ತೋರಿಸಿದ್ರು. ಮುದುಕಿ ಹಿಂದುಗಡೆ ರೂಮಿನ ಮಂಚದ ಮೇಲೆ ಕೂತು, ಸ್ವಲ್ಪ ಕುಪ್ಪಳಿಸಿ ನೋಡಿ, "ಇಲ್ಲಿ ಬೆಳಕು ಚೆನ್ನಾಗಿದೆ, ನಾನು ಇಲ್ಲೇ ಇರ್ತೀನಿ" ಅಂತ ಶೂ ಬಿಚ್ಚಿದ್ಲು. ಮಗ ತಿಂಗಳಿಗೆ ಎಷ್ಟು ಅಂತ ಕೇಳಿದ. ರಾಯರಿಗೆ ಸಿಟ್ಟು ಬಂತು. "ಮನೆಗೆ ಬಂದೋರ ಹತ್ರ ನಾವು ದುಡ್ಡು ತಗೊಳ್ಳಲ್ಲ!" ಅಂದ್ರು. ಇಂಥ ನರ್ಸಿಂಗ್ ಹೋಮ್ ಅಮೆರಿಕದಲ್ಲಿ ಇದೆಯಾ ಅಂತ ಅವನು ಕಣ್ಣು ಕಣ್ಣು ಬಿಟ್ಟ. ಕೊನೆಗೆ ವಿಷಯ ಗೊತ್ತಾಗಿ, ಮುದುಕಿಗೆ ಮತ್ತೆ ಶೂ ಹಾಕಿಸೋ ಹೊತ್ತಿಗೆ ಸಂಜೆ ಆಯ್ತು. ಹೋಗುವಾಗ ಅವಳು ಪಾಪ ಅತ್ತುಬಿಟ್ಲು.

ಇಷ್ಟಾದ್ಮೇಲೂ ಬೋರ್ಡ್ ಇಳಿಸೋ ಯೋಚನೆ ಅವರಿಗೆ ಬರಲಿಲ್ಲ. ಬದಲಿಗೆ ಹೊಸದೊಂದು ಆಸೆ ಹುಟ್ಟಿತು. "ತಿಪಟೂರು, ನಿಮ್ಮ ಶಾಪಲ್ಲಿ ಯಾರಾದ್ರೂ ಇಂಗ್ಲೆಂಡಿನವರು ಇದಾರಾ? ಅಮೆರಿಕದೋರಲ್ಲ, ಸಾಕ್ಷಾತ್ ಇಂಗ್ಲೆಂಡಿನವರು. ಗೃಹಪ್ರವೇಶಕ್ಕೆ ಒಬ್ಬರು ಬಂದ್ರೆ ಹೆಸರಿಗೊಂದು ಶೋಭೆ."

ಇದ್ದರು. ಇನ್ನೊಂದು ಬಿಲ್ಡಿಂಗಲ್ಲಿ ಆಲ್ಬರ್ಟ್ ಅಂತ, ರಿಟೈರ್ ಆಗೋಕೆ ಬಂದಿದ್ದ ಮನುಷ್ಯ. ಒಳ್ಳೆಯವರು. ಸ್ನೇಹಿತರ ಮನೆ ಪೂಜೆ, ಊಟ ಇದೆ ಬನ್ನಿ ಅಂತ ಕರೆದೆ. ಮನೆ ಹೆಸರು ಹೇಳಬೇಕು ಅಂತ ನನಗೆ ಹೊಳೀಲಿಲ್ಲ.

ಗೃಹಪ್ರವೇಶ ಏಪ್ರಿಲ್‌ನಲ್ಲಿ, ಒಂದು ಭಾನುವಾರ ಬೆಳಿಗ್ಗೆ. ಚಳಿ ಇನ್ನೂ ಬಿಟ್ಟಿರಲಿಲ್ಲ. ರಾಯರು ಪಂಚೆ ಉಟ್ಟು, ಮೇಲೆ ಅದೇ ಉಣ್ಣೆ ಕೋಟು ಹಾಕಿ, ಕೋಟಿನ ಮೇಲೆ ಜರಿ ಶಲ್ಯ ಹೊದ್ದಿದ್ರು. ಆಗ ಇಲ್ಲಿ ದೇವಸ್ಥಾನ ಇಲ್ಲ, ಪುರೋಹಿತರೂ ಇಲ್ಲ. ಕೆಮಿಸ್ಟ್ರಿಯಲ್ಲಿ ಡಾಕ್ಟರೇಟ್ ಮಾಡಿ ಔಷಧಿ ಕಂಪನೀಲಿದ್ದ ಒಬ್ಬರಿಗೆ ಮಂತ್ರ ಬರ್ತಿತ್ತು. ಅವರನ್ನ ನಾವು ಶಾಸ್ತ್ರಿಗಳೇ ಅಂತಿದ್ವಿ. ಅವರ ಪೌರೋಹಿತ್ಯವೂ ಲ್ಯಾಬೊರೇಟರಿ ಥರಾನೇ. ಯಜಮಾನರು ಬಾಗಿಲು ದಾಟಿ ಒಳಗೆ ಬರೋ ಗಳಿಗೆ, ಹಾಲು ಉಕ್ಕೋ ಗಳಿಗೆ ಎರಡಕ್ಕೂ ಲೆಕ್ಕ ಹಾಕಿ, ಮೊದಲೇ ಎಲೆಕ್ಟ್ರಿಕ್ ಒಲೆ ಮೇಲೆ ಹಾಲಿಟ್ಟು ಬಂದು ಬಾಗಿಲಲ್ಲಿ ವಾಚು ನೋಡ್ಕೊಂಡು ನಿಂತಿದ್ರು.

ಹೊರಗೆ ಮೆಟ್ಟಿಲ ಮೇಲೆ ರಾಯರು, ಪಕ್ಕದಲ್ಲಿ ಕಲಶ ಹಿಡಿದ ಅಕ್ಕ, ಹಿಂದೆ ನಾವೊಂದು ಇಪ್ಪತ್ತು ಜನ. ಶಾಸ್ತ್ರಿಗಳು, "ಹೂಂ, ಬಲಗಾಲು" ಅಂದ್ರು. ಅಷ್ಟರಲ್ಲಿ ಆಲ್ಬರ್ಟ್ ಕಾರು ಬಂತು. ರಾಯರು, "ಒಂದು ನಿಮಿಷ, ಅವರೂ ಬರ್ಲಿ" ಅಂತ ತಡೆದ್ರು.

ಆಲ್ಬರ್ಟ್ ಕೈಯಲ್ಲಿ ಹೂವು ಹಿಡ್ಕೊಂಡು ಬಂದೋರು ತಲೆ ಎತ್ತಿ ಬೋರ್ಡ್ ನೋಡಿದ್ರು. ನಿಂತ್ರು. ಆಮೇಲೆ ನಗೋಕೆ ಶುರು ಮಾಡಿದ್ರು ನೋಡಿ, ಹೂವು ನನ್ನ ಕೈಗೆ ಕೊಟ್ಟು ಕಣ್ಣೊರೆಸಿಕೊಂಡ್ರು.

"ಈ ಹೆಸರು ನಿಮಗೆಲ್ಲಿ ಸಿಕ್ತು? ನಾನು ಹುಡುಗನಾಗಿದ್ದಾಗ ಕೇಳಿದ್ದು!"

ನ್ಯೂಜೆರ್ಸಿಗೆ ಬಂದ ಇಂಗ್ಲೆಂಡಿನವರು ಎಷ್ಟು ಜನ ಇದ್ದಾರೋ, ಅದರಲ್ಲಿ ನಾನು ಕರೆದವರು ಆ ಕಡೆಯವರೇ ಆಗಬೇಕಾ! ರಾಯರ ಮುಖ ಮಾತ್ರ ದೀಪ ಹಚ್ಚಿದ ಹಾಗಾಯ್ತು. "ಆ ಮನೆ ನಿಮಗೆ ಗೊತ್ತಾ?"

"ಗೊತ್ತಾ ಅಂದ್ರೆ? ನಮ್ಮ ಪಕ್ಕದ ಊರು. ನಮ್ಮ ದೊಡ್ಡಮ್ಮ ಅಲ್ಲಿ ಪಾತ್ರೆ ತೊಳೀತಿದ್ಲು."

ರಾಯರು ತಿರುಗಿ ಎಲ್ಲರಿಗೂ ಕನ್ನಡದಲ್ಲಿ, "ಇವರ ದೊಡ್ಡಮ್ಮ ಆ ಮನೇಲೇ ಇದ್ದರಂತೆ!" ಅಂದ್ರು.

ಅಕ್ಕನಿಗೂ ಖುಷಿ. "ಹಂಸಗಳು ಈಗಲೂ ಇದಾವಾ ಕೇಳಿ."

ರಾಯರು ಕೇಳಿದ್ರು. ಆಲ್ಬರ್ಟ್, "ಹಂಸ ಯಾಕೆ? ಆ ಹೆಸರಿಗೂ ಹಂಸಕ್ಕೂ ಏನು ಸಂಬಂಧ? ಅದು ಸ್ವೈನ್, ಅಂದ್ರೆ ಹಂದಿ. ಹಿಂದಿನ ಕಾಲದಲ್ಲಿ ಅಲ್ಲಿ ಹಂದಿ ಕೂಡಿ ಹಾಕ್ತಿದ್ರು, ಅದಕ್ಕೇ ಆ ಜಾಗಕ್ಕೆ ಆ ಹೆಸರು. ನಮ್ಮೂರಲ್ಲಿ ಮಕ್ಕಳಿಗೂ ಗೊತ್ತು" ಅಂದ್ರು.

ರಾಯರು ಇದನ್ನ ಕನ್ನಡಕ್ಕೆ ಹೇಳಲಿಲ್ಲ.

"ಏನೂಂದ್ರೆ, ಏನಂತೆ?"

ರಾಯರು ಮೇಪಲ್ ಮರ ನೋಡ್ತಿದ್ರು.

"ಶಾಸ್ತ್ರಿಗಳೇ, ನೀವಾದ್ರೂ ಹೇಳಿ."

ಶಾಸ್ತ್ರಿಗಳು ಕೆಮ್ಮಿದ್ರು. "ಸಂಸ್ಕೃತದಲ್ಲಿ ಹೇಳೋದಾದ್ರೆ ತಾಯಿ, ವರಾಹ..."

"ವರಾಹ ಅಂದ್ರೆ ಏನು ಅಂತ ನನಗೆ ಗೊತ್ತು!"

ರಾಯರಿಗೆ ಹಗ್ಗ ಸಿಕ್ಕಿದ ಹಾಗಾಯ್ತು. "ಹೌದು ಕಣೇ, ವರಾಹಸ್ವಾಮಿ! ಭೂಮೀನೇ ಎತ್ತಿದ ದೇವರು!"

"ಎತ್ತಿದ್ದು ಅವನು. ನೀವು ಜರ್ಸಿ ಸಿಟಿಯಿಂದ ಒಂದು ಸೋಫಾ ಎತ್ತಲಿಲ್ಲ, ಅದನ್ನೂ ತಮ್ಮಯ್ಯ ಎತ್ತಿದ್ದು. ಸರಿಯಾಗಿ ಹೇಳಿ, ಅರ್ಥ ಏನು?"

ರಾಯರು ಎಂಥ ಹೊತ್ತಲ್ಲೂ ವಾಕ್ಯ ಪೂರ್ತಿ ಮಾಡೋರು. ತಗ್ಗಿದ ದನೀಲಿ ಪೂರ್ತಿ ಮಾಡಿದ್ರು. "ನಮ್ಮ ಮನೆ ಹೆಸರಿನ ಅರ್ಥ ಹಂದಿ ದೊಡ್ಡಿ ಕಣೇ."

ಹಿಂದೆ ಯಾರೋ ನಕ್ಕರು. ಅಕ್ಕ ತಿರುಗಿ ನೋಡಿದ್ರು, ನಗು ನಿಂತಿತು. "ನಂಜನಗೂಡಿಗೆಲ್ಲ ಹಂಸಧಾಮ ಅಂತ ಬರೆದಿದೀನಿ. ಸೀರೆ ಅಂಚಲ್ಲಿ ಹಂಸ ಹಾಕ್ಕೊಂಡು ಹಂದಿ ದೊಡ್ಡಿಗೆ ಕಲಶ ತಗೊಂಡು ಹೋಗ್ಲಾ? ಆ ಬೋರ್ಡ್ ಅಲ್ಲಿರೋವರೆಗೂ ನಾನು ಒಳಗೆ ಕಾಲಿಡಲ್ಲ. ತಮ್ಮಯ್ಯ, ಬಿಚ್ಚು ಅದನ್ನ."

ನಾನು ರಾಯರ ಮುಖ ನೋಡಿದೆ. ಅವರು ತಲೆ ಎತ್ತಿ ಬೋರ್ಡ್ ಒಂದ್ಸಲ ಓದಿಕೊಂಡ್ರು. ಆಮೇಲೆ, "ಬಿಚ್ಚಪ್ಪ" ಅಂದ್ರು. ತಿಪಟೂರು ಅನ್ನಲಿಲ್ಲ, ಮಿಸ್ಟರೂ ಅನ್ನಲಿಲ್ಲ.

ಒಳಗಿಂದ ಸ್ಕ್ರೂಡ್ರೈವರ್ ತಂದು, ಸ್ಟೂಲ್ ಹತ್ತಿ ಮೊದಲನೇ ಸ್ಕ್ರೂ ತೆಗೆದೆ. ಶಾಸ್ತ್ರಿಗಳು, "ಮುಹೂರ್ತ ಮೀರ್ತಾ ಇದೆ. ಹಾಲು ಕಾಯ್ತಾ ಇದೆ. ಎಲೆಕ್ಟ್ರಿಕ್ ಒಲೆ, ಆಫ್ ಮಾಡಿದ್ರೂ ಕಾವು ಇಳಿಯಲ್ಲ" ಅಂತ ಬಾಗಿಲಿಂದ ಅಡುಗೆಮನೆಗೆ, ಅಡುಗೆಮನೆಯಿಂದ ಬಾಗಿಲಿಗೆ ಓಡಾಡ್ತಿದ್ರು.

ಏನೋ ಎಡವಟ್ಟಾಯ್ತು ಅಂತ ಆಲ್ಬರ್ಟ್‌ಗೆ ಆಗ ಗೊತ್ತಾಯ್ತು. "ಯಾಕೆ ತೆಗೀತೀರಿ? ನಾನು ನಕ್ಕಿದ್ದು ತಪ್ಪಾಯ್ತಾ? ತೆಗೀಬೇಡಿ. ಇನ್ನೆಲ್ಲೂ ಆ ಹೆಸರು ಉಳಿದಿಲ್ಲ" ಅಂದ್ರು. ಯುದ್ಧದ ಕಾಲದಲ್ಲಿ ಆ ಬಂಗಲೇಲಿ ಸೈನಿಕರನ್ನ ಇರಿಸಿದ್ರಂತೆ. ಆಮೇಲೆ ಮಾಡು ಸೋರೋಕೆ ಶುರುವಾಯ್ತು. ರಿಪೇರಿ ಮಾಡಿಸೋಕೆ ಯಜಮಾನರ ಕೈಲಾಗಲಿಲ್ಲ. ಇಪ್ಪತ್ತು ವರ್ಷದ ಹಿಂದೇನೇ ಪೂರ್ತಿ ಕೆಡವಿ, ಕಲ್ಲನ್ನೆಲ್ಲ ರಸ್ತೆಗೆ ಹಾಕಿದ್ರಂತೆ.

ರಾಯರು ಅಲ್ಲೇ ಮೆಟ್ಟಿಲ ಮೇಲೆ ಕೂತುಬಿಟ್ರು. ಜರಿ ಶಲ್ಯ ನೆಲಕ್ಕೆ ಬಿತ್ತು, ಎತ್ತಿಕೊಳ್ಳಲಿಲ್ಲ.

"ಈಗೇನಂತೆ?" ಅಂದ್ರು ಅಕ್ಕ.

"ಆ ಮನೆ ಇಲ್ವಂತೆ ಕಣೇ." ಊರಿಂದ ಟೆಲಿಗ್ರಾಂ ಬಂದಾಗ ಜನ ಮಾತಾಡ್ತಾರಲ್ಲ, ಆ ಥರ. "ಕೆಡವಿಬಿಟ್ರಂತೆ."

"ಯಾವಾಗ?"

"ನಮ್ಮ ಮದುವೆಗೂ ಮುಂಚೆ."

"ಹಾಗಾದ್ರೆ ನೀವು ನನ್ನ ನೋಡೋಕೆ ಬಂದಾಗ, ನಮ್ಮಪ್ಪನ ಮುಂದೆ ಕೂತ್ಕೊಂಡು ಇಂಥ ಮನೆ ಮಾಡ್ತೀನಿ ಅಂದ್ರಲ್ಲ, ಆಗಲೇ ಅದು ಇರಲಿಲ್ವಾ?"

"ಇರಲಿಲ್ಲ."

ಹಾಲು ಕಾಯೋ ವಾಸನೆ ಬಾಗಿಲವರೆಗೂ ಬರ್ತಿತ್ತು. ಅಕ್ಕ ಗಂಡನ್ನ ನೋಡಿದ್ರು. ಸ್ಟೂಲ್ ಮೇಲೆ ಒಂದು ಕೈಲಿ ಸ್ಕ್ರೂ, ಒಂದು ಕೈಲಿ ಬೋರ್ಡಿನ ತುದಿ ಹಿಡಿದು ನಿಂತ ನನ್ನ ನೋಡಿದ್ರು. ಆಮೇಲೆ ಬೋರ್ಡ್ ನೋಡಿದ್ರು.

"ಪಾಪ, ಇರೋಕೆ ಒಂದು ಮನೆ ಇಲ್ದಂಗಾಯ್ತು ಅದಕ್ಕೆ" ಅಂದ್ರು. ಯಾರಿಗೆ ಪಾಪ ಅಂದಿದ್ದು ಅಂತ ನಮಗೆ ಅರ್ಥ ಆಗೋಕೆ ಸ್ವಲ್ಪ ಹೊತ್ತು ಬೇಕಾಯ್ತು. "ಹಂದಿಯೋ ಹಂಸವೋ, ಆ ಹೆಸರು ನಮ್ಮನೇಲೇ ಇದ್ಕೊಳ್ಲಿ. ತಮ್ಮಯ್ಯ, ಸ್ಕ್ರೂ ಹಾಕು. ಏಳಿ ನೀವು."

ರಾಯರು ಏಳಲಿಲ್ಲ.

"ಏಳೀಂದ್ರೆ! ನಾನೊಬ್ಬಳೇ ಹೋಗೋಕಾಗತ್ತಾ?"

ಒಳಗಿಂದ ಶಾಸ್ತ್ರಿಗಳು, "ಹಾಲು ಮೇಲಕ್ಕೆ ಬಂತು!" ಅಂತ ಕೂಗಿದ್ರು. ರಾಯರು ದಡಬಡಿಸಿ ಎದ್ದು ಒಳಗೆ ಕಾಲಿಟ್ರು.

"ಎಡಗಾಲು! ಎಡಗಾಲು ಇಟ್ರಿ! ಆಚೆ ನಡೀರಿ!" ಅಕ್ಕ ಅವರ ಕೋಟಿನ ತೋಳು ಹಿಡಿದು ಹೊರಗೆಳೆದ್ರು. ಅಡುಗೆಮನೇಲಿ ಹಾಲು ಉಕ್ಕಿ ಒಲೆ ಮೇಲೆ ಚುಂಯ್ ಅಂತು. ಶಾಸ್ತ್ರಿಗಳು ಗಟ್ಟಿಯಾಗಿ ಮಂತ್ರ ಶುರು ಮಾಡೇಬಿಟ್ರು. ಆಲ್ಬರ್ಟ್ ಯಾಕೆ ಏನು ಅಂತ ಗೊತ್ತಿಲ್ಲದೆ ಚಪ್ಪಾಳೆ ತಟ್ಟಿದ್ರು.

ರಾಯರು ಹೊಸಿಲ ಹೊರಗೆ ನಿಂತು ತಮ್ಮ ಎರಡೂ ಪಾದ ನೋಡಿಕೊಂಡ್ರು. ಕಣ್ಣು ಮಂಜಾಗಿತ್ತೋ ಏನೋ.

"ಬಲಗಾಲು ಯಾವುದೇ?" ಅಂದ್ರು.

ಅಕ್ಕ ಕಲಶವನ್ನ ಎಡಗೈಗೆ ತಗೊಂಡು, ಬಗ್ಗಿ, ಅವರ ಮೊಣಕಾಲು ತಟ್ಟಿ ತೋರಿಸಿದ್ರು. "ಇದು."

ರಾಯರು ಆ ಕಾಲೆತ್ತಿ ಒಳಗಿಟ್ಟರು.